ಭಿನ್ನರಾಶಿ ಇರುವ ಮಾಡ್ಯುಲಸ್ ಸಮೀಕರಣ: ಲೆಕ್ಕ ಸರಿಯಿದ್ದೂ ಉತ್ತರ ತಪ್ಪುವುದೇಕೆ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. |(2ಕ್ಷ − 1)/3 − 1/2| = ಕ್ಷ/4 − 5/6 ಎಂಬ ಲೆಕ್ಕಕ್ಕೆ (ಪುಸ್ತಕದ ಎಕ್ಸ್ ಬದಲು ಕ್ಷ ಬರೆದಿದ್ದೇನೆ) ನನಗೆ 0 ಮತ್ತು 20/11 ಬರುತ್ತವೆ. ಎಷ್ಟು ಸಲ ಮಾಡಿದರೂ ಅದೇ. ಪುಸ್ತಕದ ಕೊನೆಯಲ್ಲಿ ‘ಪರಿಹಾರವಿಲ್ಲ’ ಎಂದಿದೆ. ಮುಂದಿನ ಲೆಕ್ಕ |ಕ್ಷ/3 + 1/2| = ಕ್ಷ/2 − 1/4. ಇದಕ್ಕೆ 9/2 ಮತ್ತು −3/10 ಬಂದವು, ಪುಸ್ತಕ 9/2 ಮಾತ್ರ ಕೊಟ್ಟಿದೆ. ಎಲ್ಲಿ ತಪ್ಪುತ್ತಿದ್ದೇನೆ? ಮೊದಲು ಭಿನ್ನರಾಶಿ ತೆಗೆಯಬೇಕೋ, ಮಾಡ್ಯುಲಸ್ ತೆಗೆಯಬೇಕೋ? ಛೇದದಲ್ಲೇ ಕ್ಷ ಇದ್ದರೆ ಏನು ಮಾಡಬೇಕು?

ಉತ್ತರ: ನಿಮ್ಮ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಒಂದೂ ಇಲ್ಲ. ಪುಸ್ತಕವೂ ಸರಿಯಾಗಿದೆ. ನೀವು ಬಿಟ್ಟದ್ದು ಕೊನೆಯ ಹಂತ ಮಾತ್ರ: ಸಿಕ್ಕ ಬೆಲೆಗಳನ್ನು ಮೂಲ ಸಮೀಕರಣದಲ್ಲಿ ಹಾಕಿ ತಾಳೆ ನೋಡುವುದು. ಸಾಮಾನ್ಯ ಸಮೀಕರಣದಲ್ಲಿ ತಾಳೆ ನೋಡುವುದು ಎಚ್ಚರಿಕೆಗೆ ಮಾಡುವ ಕೆಲಸ. ಬಲಭಾಗದಲ್ಲಿ ಕ್ಷ ಇರುವ ಮಾಡ್ಯುಲಸ್ ಸಮೀಕರಣದಲ್ಲಿ ಅದು ಪರಿಹಾರದ ಒಂದು ಭಾಗವೇ. ಅದನ್ನು ಬಿಟ್ಟರೆ ಲೆಕ್ಕ ಮುಗಿದಿಲ್ಲ ಎಂದೇ ಅರ್ಥ.

ಮೊದಲ ಲೆಕ್ಕವನ್ನೇ ತೆಗೆದುಕೊಳ್ಳೋಣ. ಛೇದಗಳು 3, 2, 4, 6. ಇವುಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 12. ಎರಡೂ ಬದಿಯನ್ನು 12ರಿಂದ ಗುಣಿಸಿದರೆ ಬಲಭಾಗ 3ಕ್ಷ − 10 ಆಗುತ್ತದೆ. ಎಡಭಾಗದಲ್ಲಿ 12ನ್ನು ಮಾಡ್ಯುಲಸ್ ಒಳಗೆ ತರಬಹುದು, ಏಕೆಂದರೆ 12 ಧನಸಂಖ್ಯೆ, ಅದರ ನಿರಪೇಕ್ಷ ಮೌಲ್ಯವೂ (ಮಾಡ್ಯುಲಸ್, ಅಂದರೆ ಚಿಹ್ನೆ ಬಿಟ್ಟ ಬೆಲೆ) 12. ಒಳಗೆ 4(2ಕ್ಷ − 1) − 6, ಅಂದರೆ 8ಕ್ಷ − 10. ಹಾಗಾಗಿ

|8ಕ್ಷ − 10| = 3ಕ್ಷ − 10

8ಕ್ಷ − 10 = 3ಕ್ಷ − 10 ಎಂದು ಬಿಡಿಸಿದರೆ ಕ್ಷ = 0. 8ಕ್ಷ − 10 = −(3ಕ್ಷ − 10) ಎಂದು ಬಿಡಿಸಿದರೆ 11ಕ್ಷ = 20, ಕ್ಷ = 20/11. ನಿಮಗೆ ಬಂದದ್ದೂ ಇವೇ. ಈಗ 0ಯನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಿ. ಎಡಭಾಗ |−1/3 − 1/2| = 5/6. ಬಲಭಾಗ −5/6. 20/11 ಹಾಕಿ ನೋಡಿ. ಎಡಭಾಗದ ಒಳಗೆ 29/33 − 1/2 = 25/66. ಬಲಭಾಗ 5/11 − 5/6 = −25/66. ಎರಡು ಸಲವೂ ಸಂಖ್ಯೆ ಒಂದೇ, ಚಿಹ್ನೆ ಮಾತ್ರ ಬೇರೆ. ಮಾಡ್ಯುಲಸ್ ಎಂದೂ ಋಣ ಆಗುವುದಿಲ್ಲವಾದ್ದರಿಂದ ಎರಡನ್ನೂ ಕೈಬಿಡಬೇಕು.

ಇದರಲ್ಲಿ ಒಂದು ಉಪಯುಕ್ತ ಗುರುತು ಇದೆ, ಪಠ್ಯಪುಸ್ತಕಗಳು ಇದನ್ನು ಎತ್ತಿ ಹೇಳುವುದು ಕಡಿಮೆ. ತಾಳೆ ನೋಡಿದಾಗ ಎರಡೂ ಬದಿಯ ಸಂಖ್ಯೆ ಸಮವಾಗಿದ್ದು ಚಿಹ್ನೆ ಮಾತ್ರ ತಿರುಗಿದ್ದರೆ ನಿಮ್ಮ ಲೆಕ್ಕ ಸರಿ, ಆ ಬೆಲೆ ಮಾತ್ರ ಪರಿಹಾರವಲ್ಲ. ಸಂಖ್ಯೆಗಳೇ ಬೇರೆ ಬೇರೆ ಬಂದರೆ, ಒಂದು ಕಡೆ 25/66 ಇನ್ನೊಂದು ಕಡೆ 19/66 ಎಂಬಂತೆ, ಆಗ ನಡುವೆ ಎಲ್ಲೋ ಲೆಕ್ಕ ತಪ್ಪಿದೆ, ಹಿಂದಕ್ಕೆ ಹೋಗಿ ಹುಡುಕಬೇಕು. ಎರಡಕ್ಕೂ ‘ಸರಿಹೊಂದುವುದಿಲ್ಲ’ ಎಂದು ಬರೆದು ಮುಂದೆ ಹೋದರೆ, ಸರಿಯಾದ ಪರಿಹಾರವೊಂದು ಕೈತಪ್ಪಿ ಹೋದದ್ದು ಗೊತ್ತೇ ಆಗುವುದಿಲ್ಲ.

ಈ ಸುಳ್ಳು ಬೆಲೆಗಳು ಎಲ್ಲಿಂದ ಬರುತ್ತವೆ? ‘ಒಳಗಿರುವುದು ಬಲಭಾಗಕ್ಕೆ ಸಮ, ಅಥವಾ ಬಲಭಾಗದ ಋಣಕ್ಕೆ ಸಮ’ ಎಂದು ಎರಡು ಸಮೀಕರಣ ಬರೆದ ಕ್ಷಣದಲ್ಲಿ ನಾವು ‘ಬಲಭಾಗ 0 ಅಥವಾ ಅದಕ್ಕಿಂತ ಹೆಚ್ಚು’ ಎಂಬ ಷರತ್ತನ್ನು ಕೈಬಿಟ್ಟಿರುತ್ತೇವೆ. ಎರಡೂ ಬದಿಯನ್ನು ವರ್ಗ ಮಾಡಿ ಬಿಡಿಸಿದರೂ ಇದೇ ಕಥೆ. (8ಕ್ಷ − 10)² = (3ಕ್ಷ − 10)² ಎಂಬುದು 55ಕ್ಷ² − 100ಕ್ಷ = 0 ಆಗಿ, ಅದೇ 0 ಮತ್ತು 20/11 ಬರುತ್ತವೆ. ವರ್ಗಕ್ಕೆ ಚಿಹ್ನೆಯ ನೆನಪಿರುವುದಿಲ್ಲ. ಹಾಗಾಗಿ ವರ್ಗ ಮಾಡುವ ದಾರಿ ತಾಳೆ ನೋಡುವ ಕೆಲಸವನ್ನು ತಪ್ಪಿಸುವುದಿಲ್ಲ, ಮೇಲಿಂದ ದೊಡ್ಡ ಸಂಖ್ಯೆಗಳನ್ನು ತಂದು ಹಾಕುತ್ತದೆ. ಭಿನ್ನರಾಶಿ ಇರುವ ಕಡೆ ಆ ದಾರಿಗೆ ಹೋಗಬೇಡಿ.

ಷರತ್ತನ್ನು ಮೊದಲೇ ಬರೆದಿಟ್ಟರೆ ಇನ್ನೂ ಅನುಕೂಲ. 3ಕ್ಷ − 10 ≥ 0 ಎಂದರೆ ಕ್ಷ ≥ 10/3. 0 ಆ ಕಡೆ ಇಲ್ಲ. 20/11 ಇದೆಯೇ? ಓರೆ ಗುಣಾಕಾರ ಮಾಡಿ: 20 × 3 = 60, 10 × 11 = 110. 60 ಚಿಕ್ಕದು, ಆದ್ದರಿಂದ 20/11 ಕೂಡ ಇಲ್ಲ. ಇಷ್ಟರಲ್ಲೇ ಮುಗಿಯಿತು. ಪರೀಕ್ಷೆಯಲ್ಲಿ ಈ ಒಂದು ಸಾಲು ಬರೆದರೆ ಬೆಲೆಗಳನ್ನು ಕೈಬಿಟ್ಟದ್ದಕ್ಕೆ ಕಾರಣವನ್ನೂ ಕೊಟ್ಟಂತಾಗುತ್ತದೆ. ಸುಮ್ಮನೆ ಅಡ್ಡಗೆರೆ ಎಳೆದು ಹೊಡೆದು ಹಾಕಿದ ಉತ್ತರವನ್ನು ಮೌಲ್ಯಮಾಪಕರು ಊಹಿಸಿ ಓದಬೇಕಾಗುತ್ತದೆ.

ಎರಡನೇ ಲೆಕ್ಕದಲ್ಲೂ ಲ.ಸಾ.ಅ. 12. ಅದು |4ಕ್ಷ + 6| = 6ಕ್ಷ − 3 ಆಗುತ್ತದೆ. ಷರತ್ತು ಕ್ಷ ≥ 1/2. 9/2 ಅದಕ್ಕೆ ಒಳಪಟ್ಟಿದೆ, −3/10 ಇಲ್ಲ. 9/2ನ್ನು ಮೂಲದಲ್ಲಿ ಹಾಕಿದರೆ ಎಡಕ್ಕೆ 3/2 + 1/2 = 2, ಬಲಕ್ಕೆ 9/4 − 1/4 = 2.

ಒಂದರಲ್ಲಿ ಎರಡೂ ಹೋದವು, ಇನ್ನೊಂದರಲ್ಲಿ ಒಂದು ಉಳಿಯಿತು. ಇದು ಅದೃಷ್ಟವಲ್ಲ, ಬಿಡಿಸುವ ಮೊದಲೇ ಹೇಳಬಹುದು. ಮಾಡ್ಯುಲಸ್ ಒಳಗಿನ ಕ್ಷ ಸಹಗುಣಕವನ್ನೂ (ಕ್ಷಗೆ ಅಂಟಿಕೊಂಡ ಗುಣಕ ಸಂಖ್ಯೆ) ಹೊರಗಿನ ಕ್ಷ ಸಹಗುಣಕವನ್ನೂ ಚಿಹ್ನೆ ಬಿಟ್ಟು ಹೋಲಿಸಿ. ಮೊದಲ ಲೆಕ್ಕದಲ್ಲಿ ಒಳಗೆ 8, ಹೊರಗೆ 3. ಎರಡನೆಯದರಲ್ಲಿ ಒಳಗೆ 4, ಹೊರಗೆ 6. ಎಡಭಾಗದ ನಕ್ಷೆ ಇಂಗ್ಲಿಷಿನ ‘ವಿ’ ಆಕಾರದ್ದು, ಬಲಭಾಗ ಒಂದು ಸರಳರೇಖೆ. ಹೊರಗಿನ ಸಹಗುಣಕ ದೊಡ್ಡದಾದರೆ ರೇಖೆ ‘ವಿ’ಯ ತೋಳುಗಳಿಗಿಂತ ಕಡಿದಾಗಿರುತ್ತದೆ, ಅದು ‘ವಿ’ಯನ್ನು ಸರಿಯಾಗಿ ಒಂದೇ ಕಡೆ ಕತ್ತರಿಸಲೇಬೇಕು. ಹಾಗಾಗಿ ಅಂಥ ಲೆಕ್ಕದಲ್ಲಿ ಪರಿಹಾರ ಯಾವಾಗಲೂ ಒಂದು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಳಗಿನದು ದೊಡ್ಡದಾದರೆ ರೇಖೆ ತೋಳುಗಳಿಗಿಂತ ಓರೆ ಕಡಿಮೆ. ಆಗ ಎರಡೂ ತೋಳಿಗೆ ತಗಲುತ್ತದೆ, ಇಲ್ಲವೇ ಕೆಳಗಿನಿಂದಲೇ ಹಾದುಹೋಗುತ್ತದೆ. ಸರಿಯಾಗಿ ‘ವಿ’ಯ ಕೆಳಗಿನ ತುದಿಯನ್ನೇ ಮುಟ್ಟಿಕೊಂಡು ಹೋದರೆ ಮಾತ್ರ ಒಂದು.

ಎರಡು ಸಿಗುತ್ತವೆಯೋ ಒಂದೂ ಇಲ್ಲವೋ ಎಂದು ತಿಳಿಯಲು ತುದಿಯನ್ನು ನೋಡಿದರೆ ಸಾಕು. ಮಾಡ್ಯುಲಸ್ ಒಳಗಿನದು ಸೊನ್ನೆ ಆಗುವ ಬೆಲೆ ಹುಡುಕಿ, ಅದನ್ನು ಬಲಭಾಗದಲ್ಲಿ ಹಾಕಿ. ನಿಮ್ಮ ಮೊದಲ ಲೆಕ್ಕದಲ್ಲಿ 8ಕ್ಷ = 10, ಅಂದರೆ ಕ್ಷ = 5/4. ಬಲಭಾಗ 15/4 − 10, ಋಣ. ರೇಖೆ ತುದಿಯ ಕೆಳಗೇ ಇದೆ, ಪರಿಹಾರ ಇಲ್ಲ. ಎರಡು ಸಮೀಕರಣ ಬಿಡಿಸುವ ಶ್ರಮವೇ ಬೇಕಿರಲಿಲ್ಲ! ಅದೇ ಲೆಕ್ಕದಲ್ಲಿ ಬಲಭಾಗವನ್ನು ಕ್ಷ/4 + 5/6 ಎಂದು ಬದಲಿಸಿ ನೋಡಿ. |8ಕ್ಷ − 10| = 3ಕ್ಷ + 10. ತುದಿಯಲ್ಲಿ ಬಲಭಾಗ ಧನ, ಹಾಗಾಗಿ ಎರಡೂ ಉಳಿಯಬೇಕು. ಬಿಡಿಸಿದರೆ 4 ಮತ್ತು 0, ಎರಡೂ ತಾಳೆಯಾಗುತ್ತವೆ. ಬಹುಆಯ್ಕೆ ಪ್ರಶ್ನೆಯಲ್ಲಿ ‘ಪರಿಹಾರಗಳ ಸಂಖ್ಯೆ ಎಷ್ಟು’ ಎಂದು ಕೇಳಿದರೆ ಇಷ್ಟು ನೋಡಿ ಗುರುತು ಹಾಕಿ ಮುಂದೆ ಹೋಗಬಹುದು.

ಭಿನ್ನರಾಶಿಗಳು ಕಾಟ ಕೊಡುವುದು ಈ ಹೋಲಿಕೆಯಲ್ಲೇ. ಎರಡನೇ ಲೆಕ್ಕದಲ್ಲಿ ಒಳಗೆ 1/3, ಹೊರಗೆ 1/2. ಛೇದದ 3 ಕಣ್ಣಿಗೆ ದೊಡ್ಡದಾಗಿ ಕಂಡು ಒಳಗಿನದೇ ದೊಡ್ಡದು ಎಂದುಕೊಳ್ಳುವವರು ಬಹಳ. ಲ.ಸಾ.ಅ. ತೆಗೆದು 4 ಮತ್ತು 6 ಆದ ಮೇಲೆ ಹೋಲಿಸಿದರೆ ಆ ಗೊಂದಲ ಇರುವುದಿಲ್ಲ. ಮಾಡ್ಯುಲಸ್ ಹೊರಗಡೆ ಗುಣಕ ಇದ್ದರೆ ಅದನ್ನೂ ಸೇರಿಸಿಕೊಳ್ಳಬೇಕು: (3/4)|ಕ್ಷ/2 − 1| ಎಂದಿದ್ದರೆ ಹೋಲಿಸಬೇಕಾದದ್ದು 3/8, 1/2 ಅಲ್ಲ.

ಎರಡು ಸಹಗುಣಕಗಳೂ ಸಮ ಬಂದರೆ ಮೇಲಿನ ಯಾವ ಮಾತೂ ನಡೆಯುವುದಿಲ್ಲ, ಪ್ರಶ್ನೆ ಕೇಳುವವರಿಗೆ ಇಷ್ಟವಾದ ಜಾಗ ಅದು. |ಕ್ಷ/2 − 3/4| = (3 − 2ಕ್ಷ)/4 ಎಂಬುದನ್ನು 4ರಿಂದ ಗುಣಿಸಿದರೆ |2ಕ್ಷ − 3| = 3 − 2ಕ್ಷ. ಬಲಭಾಗ ಒಳಗಿನದರ ಋಣವೇ ಆಗಿದೆ. ಹಾಗಾಗಿ 3/2 ಮತ್ತು ಅದಕ್ಕಿಂತ ಚಿಕ್ಕದಾದ ಪ್ರತಿಯೊಂದು ಸಂಖ್ಯೆಯೂ ಪರಿಹಾರ. ಬಲಭಾಗ 5 − 2ಕ್ಷ ಆಗಿದ್ದರೆ 2 ಒಂದೇ ಉತ್ತರ. 1 − 2ಕ್ಷ ಆಗಿದ್ದರೆ ಉತ್ತರವೇ ಇಲ್ಲ. ಬಿಡಿಸುವಾಗ ಕ್ಷ ಎರಡೂ ಬದಿ ಹೊಡೆದುಹೋಗಿ 0 = 0 ಎಂದು ಉಳಿದರೆ ಗಾಬರಿಯಾಗಿ ಅಳಿಸಬೇಡಿ, ಷರತ್ತಿನ ಸಾಲಿಗೆ ಹಿಂದಿರುಗಿ. ಉತ್ತರ ಅಲ್ಲೇ ಇರುತ್ತದೆ.

ಇನ್ನು ಮೊದಲು ಯಾವುದನ್ನು ತೆಗೆಯಬೇಕು ಎಂಬ ಪ್ರಶ್ನೆ. ಮಾಡ್ಯುಲಸ್ ಜೊತೆಗೆ ಬೇರೆ ಪದಗಳಿದ್ದರೆ ಮೊದಲು ಅವನ್ನು ಪಕ್ಷಾಂತರ ಮಾಡಿ ಮಾಡ್ಯುಲಸ್ಸನ್ನು ಒಂಟಿಯಾಗಿ ನಿಲ್ಲಿಸಿ. ಆಮೇಲೆ ಭಿನ್ನರಾಶಿ, ಕೊನೆಗೆ ಮಾಡ್ಯುಲಸ್. ಮಾಡ್ಯುಲಸ್ ತೆಗೆದು ಎರಡು ಸಮೀಕರಣ ಮಾಡಿಕೊಂಡ ಮೇಲೆ ಭಿನ್ನರಾಶಿ ಕಳೆಯಲು ಹೊರಟರೆ ಅದೇ ಕೆಲಸವನ್ನು ಎರಡು ಸಲ ಮಾಡಬೇಕು, ತಪ್ಪಲು ಅವಕಾಶವೂ ಎರಡು ಪಟ್ಟು. ಉದಾಹರಣೆಗೆ

(3/4)|ಕ್ಷ/2 − 2/3| + 1/6 = 5/12

1/6ನ್ನು ಆಚೆ ಕಳಿಸಿದರೆ ಬಲಕ್ಕೆ 5/12 − 2/12 = 1/4. 4/3ರಿಂದ ಗುಣಿಸಿದರೆ |ಕ್ಷ/2 − 2/3| = 1/3. ಈಗ 6ರಿಂದ ಗುಣಿಸಿ: |3ಕ್ಷ − 4| = 2. ಕ್ಷ = 2 ಅಥವಾ 2/3. ಬಲಭಾಗದಲ್ಲಿ ಬರಿಯ ಧನಸಂಖ್ಯೆ ಇದ್ದಾಗ ಎರಡೂ ಬೆಲೆ ಯಾವಾಗಲೂ ಉಳಿಯುತ್ತವೆ. ಸಂಖ್ಯಾರೇಖೆಯ ಮೇಲೆ ಇವು ತುದಿಯಿಂದ ಸಮದೂರದಲ್ಲಿರಬೇಕು. ತುದಿ 4/3, ಅಲ್ಲಿಂದ 2ಕ್ಕೆ 2/3, 2/3ಕ್ಕೂ 2/3. ಬರೆಯದೆ ಬಾಯಲ್ಲೇ ಮಾಡಬಹುದಾದ ಪರೀಕ್ಷೆ ಇದು.

ಇದೇ ಲೆಕ್ಕದಲ್ಲಿ ಆಗುವ ದೊಡ್ಡ ತಪ್ಪು ಹೀಗಿರುತ್ತದೆ. ಒಂಟಿ ಮಾಡದೆ ನೇರವಾಗಿ 12ರಿಂದ ಗುಣಿಸಲು ಹೋಗಿ 9|6ಕ್ಷ − 8| + 2 = 5 ಎಂದು ಬರೆದುಬಿಡುತ್ತಾರೆ. ಮಾಡ್ಯುಲಸ್ ಮುಂದಿರುವ 3/4 ಈಗಾಗಲೇ 12ನ್ನು ತೆಗೆದುಕೊಂಡು 9 ಆಗಿದೆ. ಅದೇ 12ನ್ನು ಮಾಡ್ಯುಲಸ್ ಒಳಗೂ ಸುರಿದರೆ ಆ ಪದ ಒಟ್ಟು 144 ಪಟ್ಟು ಆಯಿತು, ಉಳಿದವು 12 ಪಟ್ಟೇ. ಆಗ 25/18, 23/18 ಎಂಬ ಉತ್ತರಗಳು ಬರುತ್ತವೆ. ನೋಡಲು ಭಿನ್ನರಾಶಿ ಲೆಕ್ಕದ ಉತ್ತರದಂತೆಯೇ ಕಾಣುವುದರಿಂದ ಅನುಮಾನವೂ ಬರುವುದಿಲ್ಲ. ಗುಣಾಕಾರವಾಗಿ ಕೂಡಿಕೊಂಡಿರುವ ಪದದಲ್ಲಿ ಲ.ಸಾ.ಅ. ಒಂದೇ ಕಡೆ ಹೋಗಬೇಕು: ಹೊರಗಿನ ಗುಣಕಕ್ಕೆ, ಇಲ್ಲವೇ ಒಳಕ್ಕೆ. ಒಳಕ್ಕೆ ಹೋದರೆ ಮಾತ್ರ ಅಲ್ಲಿನ ಎಲ್ಲ ಪದಗಳಿಗೂ ಹೋಗಬೇಕು.

ಒಳಕ್ಕೆ ಹೋದಾಗ ಎಡವುವ ಜಾಗ ಅಂಶದಲ್ಲಿ ಎರಡು ಪದ ಇರುವ ಭಿನ್ನರಾಶಿ. (2ಕ್ಷ − 1)/3ನ್ನು 12ರಿಂದ ಗುಣಿಸಿದರೆ 8ಕ್ಷ − 4, 8ಕ್ಷ − 1 ಅಲ್ಲ. ಭಿನ್ನರಾಶಿಯ ಅಡ್ಡಗೆರೆ ಆವರಣದ ಕೆಲಸವನ್ನೂ ಮಾಡುತ್ತಿರುತ್ತದೆ, ಗೆರೆ ಹೋದ ಕೂಡಲೇ ಆವರಣ ಬರೆಯಲೇಬೇಕು. ಅದರ ಹಿಂದೆ ಋಣಚಿಹ್ನೆ ಇದ್ದರಂತೂ ಇನ್ನೂ ಜೋಕೆ: −(2ಕ್ಷ − 1)/3 ಎಂಬುದು 12ರಿಂದ ಗುಣಿಸಿದಾಗ −8ಕ್ಷ + 4 ಆಗುತ್ತದೆ. ಋಣದ ಸಮೀಕರಣ ಬರೆಯುವಾಗಲೂ ಹೀಗೇ. −(ಕ್ಷ/4 − 5/6) ಎಂದರೆ −ಕ್ಷ/4 + 5/6. ಮೊದಲ ಪದಕ್ಕೆ ಮಾತ್ರ ಋಣ ಹಾಕಿ ಎರಡನೆಯದನ್ನು ಮರೆಯುವುದು ಈ ಅಧ್ಯಾಯದ ಅತಿ ಸಾಮಾನ್ಯ ತಪ್ಪು ಎಂದೇ ಹೇಳುತ್ತೇನೆ. ಮಿಶ್ರ ಭಿನ್ನರಾಶಿ ಇದ್ದರೆ ಶುರುವಿನಲ್ಲೇ ವಿಷಮ ಭಿನ್ನರಾಶಿ ಮಾಡಿಕೊಳ್ಳಿ. ದಶಮಾಂಶಕ್ಕೆ ಮಾತ್ರ ಹೋಗಬೇಡಿ: 1/3ರ ಬದಲು 0.33 ಬರೆದರೆ ತಾಳೆ ನೋಡುವಾಗ ಎರಡು ಬದಿಯೂ ‘ಹೆಚ್ಚುಕಡಿಮೆ’ ಸಮ ಬರುತ್ತವೆ, ಅದು ಸುತ್ತಿಸಿದ್ದರಿಂದ ಬಂದ ವ್ಯತ್ಯಾಸವೋ ನಿಜವಾದ ತಪ್ಪೋ ಗೊತ್ತಾಗುವುದಿಲ್ಲ.

ಋಣಸಂಖ್ಯೆಯಿಂದ ಗುಣಿಸಿದರೆ ಅದನ್ನು ಹಾಗೇ ಒಳಕ್ಕೆ ಒಯ್ಯಬಾರದು. −4|ಕ್ಷ| ಮತ್ತು |−4ಕ್ಷ| ಬೇರೆ ಬೇರೆ. ಒಳಗಿನಿಂದ ಹೊರಗೆ ತರುವಾಗ ಮಾತ್ರ ಋಣಚಿಹ್ನೆ ಕಳಚಿ ಬೀಳುತ್ತದೆ: |(3 − ಕ್ಷ)/(−4)| ಎಂಬುದನ್ನು |ಕ್ಷ − 3|/4 ಎಂದು ಬರೆಯಬಹುದು.

ಎರಡೂ ಬದಿಯಲ್ಲಿ ಮಾಡ್ಯುಲಸ್ ಇದ್ದರೆ ಲೆಕ್ಕ ಹೆದರಿಸುವಂತೆ ಕಂಡರೂ ಸುಲಭ. |ಕ್ಷ/2 − 1/3| = |ಕ್ಷ/3 + 1/4| ಎಂಬುದು 12ರಿಂದ ಗುಣಿಸಿದಾಗ |6ಕ್ಷ − 4| = |4ಕ್ಷ + 3| ಆಗುತ್ತದೆ. ಕ್ಷ = 7/2 ಅಥವಾ 1/10. ಇಲ್ಲಿ ಬಲಭಾಗವೂ ತಾನಾಗಿಯೇ ಋಣ ಆಗದ ಕಾರಣ ಯಾವ ಬೆಲೆಯನ್ನೂ ಕೈಬಿಡುವ ಪ್ರಸಂಗ ಬರುವುದಿಲ್ಲ. ತಾಳೆ ನೋಡುವುದು ಕೂಡುವ ಕಳೆಯುವ ತಪ್ಪು ಹಿಡಿಯಲಷ್ಟೇ: ಒಂದಕ್ಕೆ ಎರಡೂ ಬದಿ 17/12, ಇನ್ನೊಂದಕ್ಕೆ 17/60.

ಛೇದದಲ್ಲೇ ಕ್ಷ ಇದ್ದರೆ ಮೊದಲು ಕೇಳಬೇಕಾದದ್ದು ಮಾಡ್ಯುಲಸ್ ಗೆರೆಗಳು ಎಲ್ಲಿಯವರೆಗೆ ಇವೆ ಎಂದು. ಇಡೀ ಭಿನ್ನರಾಶಿಯನ್ನು ಆವರಿಸಿದ್ದರೆ ಅಂಶಕ್ಕೂ ಛೇದಕ್ಕೂ ಬೇರೆ ಬೇರೆ ಮಾಡ್ಯುಲಸ್ ಹಾಕಿ ಓರೆ ಗುಣಾಕಾರ ಮಾಡಬಹುದು. |(2ಕ್ಷ + 1)/(ಕ್ಷ − 3)| = 3/2 ಎಂದರೆ 2|2ಕ್ಷ + 1| = 3|ಕ್ಷ − 3|, ಕ್ಷ ಬೆಲೆ 3 ಆಗುವಂತಿಲ್ಲ. ಬಿಡಿಸಿದರೆ −11 ಮತ್ತು 1. ಎರಡೂ ಸರಿ.

ಗೆರೆಗಳು ಅಂಶದ ಮೇಲೆ ಮಾತ್ರ ಇದ್ದರೆ ವಿಷಯ ಬೇರೆ. |ಕ್ಷ − 1|/(ಕ್ಷ + 2) = −2. ಬಲಕ್ಕೆ ಋಣ ಇದೆ, ಆದ್ದರಿಂದ ಪರಿಹಾರವಿಲ್ಲ ಎಂದು ಬರೆದುಬಿಟ್ಟರೆ ತಪ್ಪು! ಛೇದ ಮಾಡ್ಯುಲಸ್ ಹೊರಗಿದೆ, ಅದು ಋಣ ಆಗಬಹುದು. |ಕ್ಷ − 1| = −2ಕ್ಷ − 4 ಎಂದು ಬರೆದುಕೊಂಡು ನೋಡಿ. ಹೊರಗಿನ ಸಹಗುಣಕ ದೊಡ್ಡದು, ಹಾಗಾಗಿ ಒಂದು ಪರಿಹಾರ ಇರಲೇಬೇಕು. ಸಿಗುವ ಬೆಲೆಗಳು −1 ಮತ್ತು −5. −1 ಹಾಕಿದರೆ ಎಡಭಾಗ 2, ಚಿಹ್ನೆ ತಿರುಗಿತು, ಬಿಡಿ. −5 ಹಾಕಿದರೆ 6/(−3) = −2, ಸರಿ.

ಛೇದ ಸೊನ್ನೆ ಮಾಡುವ ಬೆಲೆಯೇ ಕೆಲವೊಮ್ಮೆ ಉತ್ತರದ ವೇಷದಲ್ಲಿ ಬರುತ್ತದೆ. |ಕ್ಷ − 3|/(ಕ್ಷ − 3) = ಕ್ಷ/2 ಎಂಬುದನ್ನು ಓರೆ ಗುಣಾಕಾರ ಮಾಡಿದರೆ 2|ಕ್ಷ − 3| = ಕ್ಷ(ಕ್ಷ − 3). ಇದರಿಂದ 3, 2, −2 ಎಂಬ ಮೂರು ಬೆಲೆಗಳು ಹೊರಡುತ್ತವೆ. ಗುಣಾಕಾರದ ನಂತರದ ಸಮೀಕರಣದಲ್ಲಿ 3 ಹಾಕಿದರೆ 0 = 0, ಚೆನ್ನಾಗಿ ಹೊಂದುತ್ತದೆ. ಮೂಲದಲ್ಲಿ ಹಾಕಿದರೆ ಛೇದ ಸೊನ್ನೆ. ಅದಕ್ಕೇ ತಾಳೆಯನ್ನು ನಡುವಿನ ಯಾವುದೋ ಸಾಲಿನಲ್ಲಿ ನೋಡದೆ ಪ್ರಶ್ನೆ ಕೊಟ್ಟ ರೂಪದಲ್ಲೇ ನೋಡಬೇಕು. 2 ಹಾಕಿದರೆ ಎಡಕ್ಕೆ −1, ಬಲಕ್ಕೆ 1. −2 ಹಾಕಿದರೆ ಎರಡೂ ಕಡೆ −1. ಉತ್ತರ −2 ಒಂದೇ.